ತಂಗಿಯ ಸೋಪು, ನನ್ನ ತಲೆ

ಫೆಬ್ರುವರಿ 4, ಭಾನುವಾರ

ಇವತ್ತಿನಿಂದ ನನ್ನ ತಲೆಯ ಮೇಲೆ ನನಗೇ ಹಕ್ಕಿಲ್ಲ. ಬೆಳಿಗ್ಗೆ ತಂಗಿ ಬಂದವಳೇ ಕಂದು ಕಾಗದದಲ್ಲಿ ಸುತ್ತಿದ ಒಂದು ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟಳು.

"ಅಕ್ಕ, ಇದು ಹರಳೆಣ್ಣೆ ಶಾಂಪೂ ಬಾರ್. ನಾನೇ ಮಾಡಿದ್ದು. ಹಾಕ್ಕೊಂಡು ನೋಡಿ ಏನೇನು ತಪ್ಪಿದೆ ಹೇಳು. ನಿನ್ನಷ್ಟು ಚೆನ್ನಾಗಿ ತಪ್ಪು ಹುಡುಕೋರು ಇನ್ಯಾರಿದ್ದಾರೆ?"

ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಮಾತೇನೋ ನಿಜ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಚೆಕಿಂಗ್ ಮಾಡುವವಳು. ಅಂಗಿ ಒಳಮೈ ಹೊರಗಾಗಿ ನನ್ನ ಮೇಜಿಗೆ ಬರುತ್ತದೆ. ಹೊಲಿಗೆ ಬಿಟ್ಟಿದ್ದರೆ, ಗುಂಡಿ ಓರೆಯಾಗಿದ್ದರೆ, ಮಿಷಿನ್ ಎಣ್ಣೆಯ ಕಲೆ ಇದ್ದರೆ ಅಲ್ಲೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತೇನೆ. ಚೆನ್ನಾಗಿ ಹೊಲಿದ ಅಂಗಿಯ ಬಗ್ಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಅದು ಸುಮ್ಮನೆ ಮುಂದಕ್ಕೆ ಹೋಗುತ್ತದೆ.

ಸೋಪನ್ನು ಅವಳ ತಲೆಗೇ ಹಚ್ಚಿಕೊಂಡು ನೋಡಬಹುದಿತ್ತಲ್ಲ? ಕೇಳಿದೆ. ನಕ್ಕಳು. ಸೊಂಟದ ಕೆಳಗೆ ಇಳಿಯುವ, ಒಂದು ಕೈಯಲ್ಲಿ ಹಿಡಿಯಲಾಗದ ಜಡೆ ಅವಳದು. ಅದಕ್ಕೆ ಪಾತ್ರೆ ತೊಳೆಯುವ ಪುಡಿ ಹಚ್ಚಿದರೂ ಹೊಳೆಯುತ್ತದೆ. ನನ್ನದು ನೋಡಿದರೆ, ಹೋದ ವರ್ಷದ ಕೊನೆಗೆ ದೊಡ್ಡ ಜ್ವರ ಬಂದು ಹೋದ ಮೇಲೆ ಬಾಚಿದಷ್ಟೂ ಹಿಡಿ ಹಿಡಿ ಉದುರುತ್ತಿದೆ. ಡಾಕ್ಟರು, "ಜ್ವರದ ಮೇಲೆ ಹೀಗಾಗುತ್ತೆ, ತಾನಾಗೇ ಬರುತ್ತೆ, ಕಾಯಿರಿ" ಎಂದಿದ್ದಾರೆ. ಕಾಯುತ್ತಿದ್ದೇನೆ.

"ನಿನ್ನ ಕೂದಲಿಗೆ ಒಗ್ಗಿದ್ರೆ ಯಾರ ಕೂದಲಿಗಾದ್ರೂ ಒಗ್ಗುತ್ತೆ ಅಕ್ಕ" ಎಂದಳು. ಎಂಥಾ ಮಾತು! ಅಮ್ಮ ಪಕ್ಕದಲ್ಲೇ ಕೂತು ಹೂಂಗುಟ್ಟಿದಳು.

ಔಷಧಿ ಅಂಗಡಿಯ ಕೌಂಟರ್ ಕೆಲಸ ಬಿಟ್ಟು ಸೋಪು ಮಾಡಲು ಕೂತಿದ್ದಾಳೆ ನಮ್ಮ ಮಹಾರಾಣಿ. ಸರಿ, ತಪ್ಪು ತಾನೇ, ಹೇಳುತ್ತೇನೆ. ಒಳ್ಳೆಯದೇನಾದರೂ ಕಂಡರೆ ಇಲ್ಲಿ ಬರೆದುಕೊಳ್ಳುತ್ತೇನೆ. ಅವಳಿಗೆ ಹೇಳಿದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಫೆಬ್ರುವರಿ 11, ಭಾನುವಾರ

ಎರಡು ಸಲ ತಲೆ ತೊಳೆದೆ. ನೊರೆ ಏನು ನೊರೆ! ಹಾಲಿನ ಕೆನೆಯ ಹಾಗೆ ದಪ್ಪ, ಮೆತ್ತಗೆ. ಕಾರ್ಖಾನೆಯಲ್ಲಿ ಹತ್ತಿಯ ಧೂಳು ಕೂತು ನನ್ನ ತಲೆ ಯಾವಾಗಲೂ ಕಡಿಯುತ್ತಿರುತ್ತದೆ. ಈ ವಾರ ಕಡಿಯಲಿಲ್ಲ. ಬುಡ ಒಣಗಿ ಹೊಟ್ಟು ಏಳುವುದೂ ಕಡಿಮೆಯಾಗಿದೆ. ಇದು ನನಗೂ ಈ ಪುಟಕ್ಕೂ ಮಾತ್ರ ಗೊತ್ತಿರಲಿ.

ತಪ್ಪು ಸಿಕ್ಕಿತು. ಸಿಗದೆ ಎಲ್ಲಿಗೆ ಹೋಗುತ್ತದೆ? ಇವತ್ತು ನೋಡಿದರೆ ಸೋಪಿನ ಡಬ್ಬಿಯಲ್ಲಿ ಬಿಲ್ಲೆಯೇ ಇಲ್ಲ. ಕಲಸಿಟ್ಟ ಹಿಟ್ಟಿನಂಥದ್ದೇನೋ ಇದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕೂಡಲೇ ಫೋನ್ ಮಾಡಿದೆ.

"ನಿನ್ನ ಬಾರ್ ಕರಗಿ ಗೋಂದಾಗಿದೆ. ಇದನ್ನ ತಲೆಗೆ ಹಚ್ಚಬೇಕೋ, ಲಕೋಟೆ ಅಂಟಿಸಬೇಕೋ?"

"ಅಯ್ಯೋ, ಹರಳೆಣ್ಣೆ ಜಾಸ್ತಿ ಆಗಿದೆ ಅಕ್ಕ! ಜಾಸ್ತಿ ಹಾಕಿದ್ರೆ ನೊರೆ ಚೆನ್ನಾಗಿ ಬರುತ್ತೆ, ಆದ್ರೆ ಗಟ್ಟಿಯಾಗಲ್ಲ. ಕೊಬ್ಬರಿ ಎಣ್ಣೆ ಸ್ವಲ್ಪ ಏರಿಸ್ತೀನಿ. ಇನ್ನೂ ಜಾಸ್ತಿ ದಿನ ಒಣಗಿಸ್ತೀನಿ. ಒಳ್ಳೇದಾಯ್ತು ನೀನು ಹೇಳಿದ್ದು!"

ಬೈಸಿಕೊಂಡವರು ಹೀಗೆ ಕುಣಿದಾಡಬಾರದು. ಬೈದವರಿಗೆ ಏನು ಸುಖ ಉಳಿಯುತ್ತದೆ?

ಫೆಬ್ರುವರಿ 14, ಬುಧವಾರ

ಅಮ್ಮ ಮೆಟ್ಟಿಲ ಮೇಲೆ ನಿಂತು ಎದುರು ಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಚಿಕ್ಕವಳು ಸ್ವಂತ ಕಂಪನಿ ತೆಗೀತಿದ್ದಾಳೆ."

ದೊಡ್ಡವಳು ಇಷ್ಟು ವರ್ಷದಿಂದ ಬೆಳಗಾಗುವ ಮೊದಲೇ ಬಸ್ಸು ಹಿಡಿಯುತ್ತಾಳೆ. ಅದನ್ನು ಯಾವ ಮೆಟ್ಟಿಲ ಮೇಲೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಅಮ್ಮ ಇರುವುದು ನನ್ನ ಮನೆಯಲ್ಲಿ, ಉಣ್ಣುವುದು ನಾನು ಬೇಯಿಸಿದ್ದು, ಹಾಡುವುದು ಚಿಕ್ಕವಳ ಹಾಡು.

ಮಾರ್ಚ್ 31, ಭಾನುವಾರ

ತಂಗಿಯ ಮನೆಗೆ ಹೋಗಿದ್ದೆ. ಇರುವುದು ಒಂದೂವರೆ ಕೋಣೆ, ಅದರಲ್ಲಿ ಒಂದು ಕೋಣೆ ಪೂರ್ತಿ ಸೋಪಿಗೇ. ಗೋಡೆಯುದ್ದಕ್ಕೂ ತಂತಿಯ ಕಪಾಟು, ಅದರ ತುಂಬ ಸಾಲು ಸಾಲು ಬಿಲ್ಲೆಗಳು ಒಣಗುತ್ತಿವೆ. ಕಾಸ್ಟಿಕ್ ಸೋಡಾ ಕಲಸುವಾಗ ಹಾಕಿಕೊಳ್ಳುವ ದೊಡ್ಡ ಕನ್ನಡಕ ಮೊಳೆಗೆ ನೇತು ಬಿದ್ದಿತ್ತು. ಮಲಗುವುದು ಉಳಿದರ್ಧದಲ್ಲಿ, ಕಾಲು ಮಡಚಿಕೊಂಡು. ಅವಳ ಕೈಬೆರಳಿನ ಮೇಲೊಂದು ಸುಟ್ಟ ಗಾಯ ಇತ್ತು. ಕೇಳಲಿಲ್ಲ.

ಹದಿನೈದು ದಿನದ ಹಿಂದೆ ಅವಳು ಕೊಟ್ಟ ಹೊಸ ಬಿಲ್ಲೆ ಕಲ್ಲಿನ ಹಾಗೆ ಗಟ್ಟಿ. ಬಾಟಲಿ ಶಾಂಪೂ ತಿಂಗಳಲ್ಲಿ ಮುಗಿಯುತ್ತಿತ್ತು, ಇದು ಸವೆಯುವ ಲಕ್ಷಣವೇ ಇಲ್ಲ. ಖಾಲಿ ಬಾಟಲಿ ಬಿಸಾಡುವ ಕೆಲಸವೂ ತಪ್ಪಿತು. ನಮ್ಮ ಯಜಮಾನರು ಕೂಡ ಶಿಫಾರಸು ಮಾಡಿದರು: "ಚೆನ್ನಾಗಿದೆ ಕಣೇ, ಬಸ್ ಡಿಪೋದಲ್ಲಿ ಹತ್ತಿದ ಗ್ರೀಸ್ ಕೂಡ ಹೋಯ್ತು." ತಲೆಯಲ್ಲಿ ನಾಲ್ಕು ಕೂದಲಿಲ್ಲ, ಅಭಿಪ್ರಾಯ ಮಾತ್ರ ಮಾರುದ್ದ.

ತಪ್ಪನ್ನು ಈ ಸಲ ನಾನು ಹುಡುಕಬೇಕಾಗಲಿಲ್ಲ, ಅಮ್ಮನೇ ಒದಗಿಸಿದಳು. ನನ್ನನ್ನು ಕೇಳದೆ ಆ ಸೋಪು ತೆಗೆದುಕೊಂಡು ತಲೆ ತೊಳೆದಿದ್ದಾಳೆ. ಮೊನ್ನೆಯಷ್ಟೇ ಡೈ ಹಚ್ಚಿಸಿಕೊಂಡಿದ್ದಳು. ಬಿಳಿ ಟವೆಲ್ ಕಂದು, ಅಮ್ಮನ ತಲೆ ಬಿಳಿ. ಕನ್ನಡಿ ಮುಂದೆ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿದ್ದಳು. ಎಷ್ಟು ದಿನವಾಗಿತ್ತು ನಾನು ಹಾಗೆ ನಕ್ಕು! "ನಿನ್ನ ಚಿಕ್ಕವಳ ಕಂಪನೀದೇ ಅಮ್ಮ" ಎಂದೆ.

ತಂಗಿಗೆ ಹೇಳಿದರೆ, "ಬಣ್ಣ ಹಚ್ಕೊಂಡೋರು ಇದನ್ನ ಹಾಕ್ಕೊಳ್ಳಬಾರದು ಅಂತ ಕಾಗದದ ಮೇಲೇ ಅಚ್ಚು ಹಾಕಿಸ್ತೀನಿ" ಎಂದಳು. ಮುಚ್ಚಿಡುವ ಬುದ್ಧಿಯೇ ಇಲ್ಲ ಇವಳಿಗೆ. ವ್ಯಾಪಾರ ಮಾಡುವವರ ಲಕ್ಷಣವಾ ಇದು?

ಏಪ್ರಿಲ್ 21, ಭಾನುವಾರ

ನಲ್ಲಿ ನೀರು ನಿಂತು ವಾರವಾಯಿತು. ಕಟ್ಟಡದವರೆಲ್ಲ ಹಿಂಬದಿಯ ಬೋರ್ ನೀರಿಗೆ ಸಾಲು ನಿಲ್ಲುತ್ತಿದ್ದೇವೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದೆ. ತಂಗಿಯ ಸೋಪು ಬೆಪ್ಪಾಯಿತು. ನೊರೆ ಬರುವ ಮೊದಲೇ ಒಡೆಯಿತು. ಒಣಗಿದ ಮೇಲೆ ಕೂದಲು ಮೇಣ ಸವರಿದ ಹಾಗಾಗಿ, ಬಾಚಣಿಗೆಯ ಹಲ್ಲಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಜಿಡ್ಡು.

ತಂಗಿಗೆ ಫೋನ್ ಮಾಡಿ ಒಂದೊಂದೇ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಹುರುಪು ಬಂತು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಮ್ಮ ಕಡೆ ನಲ್ಲಿ ನೀರು ಚೆನ್ನಾಗಿದೆ, ಅದಕ್ಕೇ ನನಗೆ ಗೊತ್ತೇ ಆಗಿಲ್ಲ" ಎಂದಳು. ಸಂಜೆ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು. ನಮ್ಮ ಬೋರ್ ನೀರಿನಲ್ಲೇ ನನ್ನ ತಲೆ ತೊಳೆದು, ಕೊನೆಗೆ ಒಂದು ಚೊಂಬು ನೀರಿಗೆ ನಿಂಬೆರಸ ಹಿಂಡಿ ಸುರಿದಳು. ಮೇಣ ಬಿಟ್ಟುಹೋಯಿತು. ಅವಳ ಕೈ ಹಗುರ. ಬೆರಳ ತುದಿಯಲ್ಲಿ ಬುಡ ತಿಕ್ಕುತ್ತಾಳೆ, ಉಗುರು ತಾಗಿಸುವುದಿಲ್ಲ. ಕಣ್ಣು ಮುಚ್ಚಿ ಕೂತಿದ್ದೆ.

ಚಿಕ್ಕಂದಿನಲ್ಲಿ ಅಮ್ಮ ಅವಳ ತಲೆ ಬಾಚಲು ಕೂತರೆ ಏಳುತ್ತಲೇ ಇರಲಿಲ್ಲ. ಆ ಕೂದಲಿನ ಜೊತೆ ಮಾತಾಡುತ್ತಿದ್ದಳು ಕೂಡ. ನನ್ನನ್ನು ಕರೆದು ಎರಡು ಎಳೆತ ಎಳೆದು, "ಹೋಗು, ಆಯ್ತು" ಎನ್ನುತ್ತಿದ್ದಳು. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದವಂತೆ. ಇಲ್ಲದವಳ ಬಗ್ಗೆ ಗಾದೆ ಕಟ್ಟಲು ಯಾರಿಗೂ ಪುರುಸೊತ್ತಾಗಲಿಲ್ಲ.

ಹೌದು, ಹೊಟ್ಟೆಕಿಚ್ಚು. ಬರೆದೇಬಿಟ್ಟೆ. ಇಲ್ಲಿ ಯಾರು ಓದುತ್ತಾರೆ?

ಏಪ್ರಿಲ್ 27, ಶನಿವಾರ

ಹಣೆಯ ಅಂಚಿನಲ್ಲಿ ಮೋಟು ಕೂದಲು ಎದ್ದು ನಿಂತು ಕಿರಿಕಿರಿ. ಎಷ್ಟು ಒತ್ತಿ ಬಾಚಿದರೂ ಕೂರುವುದಿಲ್ಲ, ಅಂಗಿ ನೋಡಲು ಬಗ್ಗಿದರೆ ಕಣ್ಣಿಗೆ ಚುಚ್ಚುತ್ತದೆ. ಇದನ್ನೂ ಅವಳ ಸೋಪಿನ ತಪ್ಪಿಗೆ ಸೇರಿಸಬೇಕು.

ಮೇ 19, ಭಾನುವಾರ

ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲೊಂದರ ವಾರ್ಡನ್ ಮೇಡಂ ತಂಗಿಯ ಜೊತೆ ನಮ್ಮ ಮನೆಗೆ ಬಂದಿದ್ದರು. ನನ್ನ ತಲೆ ನೋಡಲು! ಸೀರೆಗೆ ಪಿನ್ನು ಚುಚ್ಚಿಕೊಂಡ, ಎಲ್ಲಕ್ಕೂ "ಒಳ್ಳೇದು, ಒಳ್ಳೇದು" ಎನ್ನುವ ಹೆಂಗಸು. ಅಮ್ಮ ನನ್ನನ್ನು ದೀಪದ ಕೆಳಗೆ ಕೂರಿಸಿ ಹಣೆಯ ಮೋಟು ಕೂದಲನ್ನು ಬೆರಳಲ್ಲಿ ಎತ್ತಿ ತೋರಿಸಿದಳು.

"ನೋಡಿ, ಬೋಳಾಗ್ತಿತ್ತು. ನಮ್ಮ ಚಿಕ್ಕವಳ ಸೋಪು ಹಾಕಿದ ಮೇಲೆ ಹೇಗೆ ಚಿಗುರಿದೆ!"

"ಇಲ್ಲ ಮೇಡಂ" ಎಂದಳು ತಂಗಿ. "ಜ್ವರ ಹೋಯ್ತು, ಕೂದಲು ಬಂತು. ಹರಳೆಣ್ಣೆಯಿಂದ ಕೂದಲು ಹುಟ್ಟುತ್ತೆ ಅಂತ ನಾನು ಹೇಳಲ್ಲ. ಇದ್ದ ಕೂದಲು ಒಣಗದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೇ. ತೀರ ತೆಳು, ಜಿಡ್ಡು ಕೂದಲಿನೋರಿಗೆ ಭಾರ ಅನ್ನಿಸಬಹುದು. ನಮ್ಮಕ್ಕ ಹುಡುಕಿಕೊಟ್ಟ ತಪ್ಪು ಎಲ್ಲ ಈ ಕಾಗದದ ಮೇಲೇ ಬರೆದಿದ್ದೀನಿ, ಓದಿ."

ಮೇಡಂ ನನ್ನತ್ತ ತಿರುಗಿ, "ಇಂಥ ಅಕ್ಕ ಇದ್ರೆ ಇನ್ನೇನು ಬೇಕು!" ಎಂದರು. ಟೀ ತರಲು ಎದ್ದು ಹೋದೆ. ಕೂದಲು ಅವಳಿಗೆ, ಅಮ್ಮ ಅವಳಿಗೆ, ಈಗ ಸತ್ಯ ಹೇಳುವ ಹೆಸರೂ ಅವಳಿಗೇ. ನನಗೂ ಸ್ವಲ್ಪ ಏನಾದರೂ ಬಿಡಬಾರದೇ ಈ ಹುಡುಗಿ?

ಹಾಸ್ಟೆಲ್ಲಿನಲ್ಲಿ ಬೋರ್ ನೀರು ಬಿಟ್ಟರೆ ಬೇರೆ ನೀರಿಲ್ಲ. ಅದಕ್ಕೇ ಅವರಿಗೆ ಅನುಮಾನ. ಜೂನ್ ಒಂಬತ್ತರಂದು ತಂಗಿ ಅಲ್ಲಿಗೇ ಹೋಗಿ, ಅವರ ನೀರಿನಲ್ಲಿ, ಎಲ್ಲರ ಎದುರಿಗೆ ತನ್ನದೇ ತಲೆ ತೊಳೆದು ತೋರಿಸುತ್ತಾಳಂತೆ. ಅವರು ಒಪ್ಪಿದರೆ ತಿಂಗಳು ತಿಂಗಳು ಇಡೀ ಹಾಸ್ಟೆಲ್ಲಿಗೆ ಇವಳದೇ ಸೋಪು.

ಹೋಗುವಾಗ ಬಾಗಿಲಲ್ಲಿ ಮೆಲ್ಲಗೆ ಹೇಳಿದಳು: "ಇದೊಂದು ಆದ್ರೆ ಬದುಕ್ಕೊಂಡೆ ಅಕ್ಕ. ಆಗದಿದ್ರೆ ಮತ್ತೆ ಆ ಔಷಧಿ ಅಂಗಡಿ ಕೌಂಟರೇ ಗತಿ."

ಜೂನ್ 4, ಮಂಗಳವಾರ

ಇವತ್ತಾದದ್ದನ್ನು ಬರೆಯಲೇಬೇಕು.

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಇಸ್ತ್ರಿ ವಿಭಾಗದವಳು, "ನಿಮ್ಮ ತಂಗೀನ ಬಸ್ ಸ್ಟಾಪಲ್ಲಿ ನೋಡ್ದೆ, ಅಬ್ಬ, ಏನ್ ಕೂದಲ್ರೀ! ನೀವಿಬ್ರೂ ಒಂದೇ ತಾಯಿ ಮಕ್ಳಾ?" ಎಂದಳು. ಅದನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದೆ. ನಲ್ಲಿಯಲ್ಲಿ ನೀರಿಲ್ಲ, ಬೋರ್ ನೀರೇ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿಕೊಂಡು, ಬಿಲ್ಲೆಯನ್ನು ನೇರವಾಗಿ ಅದರ ಮೇಲಿಟ್ಟು ಗರಗರ ತಿಕ್ಕಿದೆ. ಸಿಟ್ಟು ಯಾರ ಮೇಲಿತ್ತೋ, ತಿಕ್ಕಿದ್ದು ಮಾತ್ರ ನನ್ನ ತಲೆಯನ್ನು.

ನೀರು ಹಾಕಿದರೆ ಕೂದಲು ಇಳಿಯಲಿಲ್ಲ. ಕೈಯಿಟ್ಟು ನೋಡಿದೆ. ನೆತ್ತಿಯ ಹಿಂದೆ ಮೊಟ್ಟೆಯಷ್ಟು ದೊಡ್ಡ ಗಂಟು. ಸಿಕ್ಕಲ್ಲ ಅದು. ಸಿಕ್ಕಾದರೆ ಒಂದು ತುದಿ ಇರುತ್ತದೆ, ಎಳೆದರೆ ಸಡಿಲವಾಗುತ್ತದೆ. ಇದು ಕಂಬಳಿಯ ತುಂಡಿನ ಹಾಗೆ ಒತ್ತಿ ಕೂತಿತ್ತು. ನಿಂಬೆ ನೀರು ಹಾಕಿದೆ, ಎಣ್ಣೆ ಸುರಿದೆ. ಬಾಚಣಿಗೆಯ ಹಲ್ಲು ಮುರಿಯಿತು, ಗಂಟು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ದಾರ ಕತ್ತರಿಸುವ ಪುಟ್ಟ ಕತ್ತರಿ ತಂದು ಕತ್ತರಿಸಿಬಿಟ್ಟೆ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದೆ. ಮೇಲಿನ ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ.

ಯಾಕಾಯಿತೆಂದು ಚೆನ್ನಾಗಿ ಗೊತ್ತು. ಹರಳೆಣ್ಣೆ ಅಂಟು, ನೀರು ಗಡಸು, ಅದರ ಮೇಲೆ ಗುಡ್ಡೆ ಹಾಕಿ ತಿಕ್ಕಿದ್ದು. ಈ ಮೂರೂ ಕೂಡಿದರೆ ಗಂಟು. ಬಿಲ್ಲೆಯನ್ನು ಅಂಗೈಗೆ ತಿಕ್ಕಿ, ಬರೀ ನೊರೆಯನ್ನು ಬುಡಕ್ಕೆ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಇದುವರೆಗೆ ಸಿಕ್ಕಿದ ತಪ್ಪೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಕೂದಲು ಉದ್ದವಿದ್ದಷ್ಟೂ ಅಪಾಯ ಜಾಸ್ತಿ.

ತಂಗಿಗೆ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡೆ. ಆಚೆ ಕೋಣೆಯಲ್ಲಿ ಅಮ್ಮ ಆಗಲೇ ತನ್ನ ಫೋನಿನಲ್ಲಿ ಅವಳ ಜೊತೆ ಮಾತಾಡುತ್ತಿದ್ದಳು. "ನಿನ್ನಿಂದ್ಲೇ ಕಣೇ ನನಗೆ ಈ ವಯಸ್ಸಲ್ಲಿ ಒಂದು ಮರ್ಯಾದೆ" ಎಂದು ನಗುತ್ತಿದ್ದಳು.

ಫೋನ್ ಕೆಳಗಿಟ್ಟೆ.

ಜೂನ್ 6, ಗುರುವಾರ

ತಂಗಿ ಬಂದಿದ್ದಳು. ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ, ಅಲ್ಲೇ ಬಂದು ನಿಂತಳು.

"ಭಾನುವಾರ ಹಾಸ್ಟೆಲ್‌ಗೆ ಹೋಗ್ತೀನಿ. ಕೊನೇ ಸಲ ಕೇಳ್ತಿದ್ದೀನಿ ಅಕ್ಕ, ಏನಾದ್ರೂ ತಪ್ಪು ಕಂಡಿತಾ?"

ಹೇಳುವುದಕ್ಕೆ ಬಾಯಿ ತೆರೆದೆ. ಅವಳ ಜಡೆ ಎದೆಯ ಮೇಲಿಂದ ಇಳಿದು ಬಕೆಟ್ಟಿನ ಅಂಚಿಗೆ ತಾಗುತ್ತಿತ್ತು.

"ಇಲ್ಲ. ಚೆನ್ನಾಗಿದೆ" ಎಂದೆ.

ಅವಳ ಮುಖ ಒಂಥರಾ ಆಯಿತು, ತುಟಿ ಅದುರಿತು, ನೋಡನೋಡುತ್ತಿದ್ದಂತೆ ಅಳಲು ಶುರುಮಾಡಿದಳು. ಒದ್ದೆ ಕಾಲಲ್ಲಿ ನಿಂತಿದ್ದ ನನ್ನನ್ನು ತಬ್ಬಿಕೊಂಡು, "ಅಮ್ಮಾ! ಅಕ್ಕ ಪಾಸ್ ಮಾಡಿದ್ಲು!" ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದಳು. ಅಮ್ಮ ಆಚೆ ಬಂದು ಹೇಳಿದಳು, "ನೀನು ಒಂದೊಂದ್ಸಲ ಫೋನಲ್ಲಿ ಬೈದಾಗ್ಲೂ ಇವಳು ಊಟ ಬಿಟ್ಟು ಕೂರ್ತಿದ್ಲು. ಇವತ್ತಾದ್ರೂ ಹೊಟ್ಟೆ ತುಂಬ ಉಣ್ಣಲಿ."

ಉಂಡಳು. ಎರಡು ಸಲ ಬಡಿಸಿಕೊಂಡಳು. ನನ್ನ ಪಾಲನ್ನೂ ಅವಳ ತಟ್ಟೆಗೇ ಬಡಿಸಿದೆ.

ಜೂನ್ 7, ಶುಕ್ರವಾರ

ಒಂದು ತೋಳು ತಲೆಕೆಳಗಾಗಿ ಹೊಲಿದ ಅಂಗಿಯನ್ನು ಪಾಸ್ ಮಾಡಿದ್ದೆ. ಸೂಪರ್‌ವೈಸರ್ ತಂದು ಮೇಜಿನ ಮೇಲಿಟ್ಟು, "ಮೈ ಹುಷಾರಿಲ್ವಾ?" ಎಂದ. ಹುಷಾರಾಗಿದ್ದೇನೆ ಎಂದೆ.

ಜೂನ್ 8, ಶನಿವಾರ

ಅವಳ ಅದೃಷ್ಟ ನನಗೆ ಗೊತ್ತಿಲ್ಲದ್ದಾ? ಅವಳ ಕೂದಲಿಗೆ ಏನೂ ಆಗುವುದಿಲ್ಲ. ನನ್ನದು ಜ್ವರದ ಕೂದಲು, ಅದಕ್ಕೇ ಗಂಟಾಯಿತು. ಆದರೂ ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೇಳಿಬಿಡುತ್ತೇನೆ. ಹತ್ತು ಗಂಟೆಗೆ ತಾನೇ ಅವಳು ಅಲ್ಲಿಗೆ ಹೋಗುವುದು.

ಜೂನ್ 9, ಭಾನುವಾರ

ಬೆಳಿಗ್ಗೆ ಎದ್ದ ಕೂಡಲೇ ಹೇಳಲಿಲ್ಲ. ಕಾಫಿ ಕುಡಿದು ಫೋನ್ ಮಾಡೋಣ ಎಂದುಕೊಂಡೆ. ಬಟ್ಟೆ ನೆನೆಹಾಕಿ ಮಾಡೋಣ ಎಂದುಕೊಂಡೆ. ಕೊನೆಗೆ ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬಾಚದ ತಲೆಯಲ್ಲೇ ಆಟೋ ಹತ್ತಿದೆ.

ಹಾಸ್ಟೆಲ್ಲಿನ ಬಚ್ಚಲಿನ ಬಾಗಿಲ ತನಕ ಹೆಂಗಸರು. ನಡುವೆ ನನ್ನ ತಂಗಿ ಮಣೆಯ ಮೇಲೆ ಕೂತಿದ್ದಳು. ಅಷ್ಟುದ್ದದ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ, ಎಲ್ಲರಿಗೂ ನೊರೆ ಕಾಣಲೆಂದು ಬಿಲ್ಲೆಯನ್ನು ಅದರ ಮೇಲೆ ಸುತ್ತಿ ಸುತ್ತಿ ತಿಕ್ಕುತ್ತಿದ್ದಳು. ಹುಡುಗಿಯರು ಚಪ್ಪಾಳೆ ಹೊಡೆಯುತ್ತಿದ್ದರು.

"ತಿಕ್ಕಬೇಡ ಕಣೇ! ನಿಲ್ಲಿಸು, ಗಂಟಾಗುತ್ತೆ!" ಬಾಗಿಲಿನಿಂದಲೇ ಕಿರುಚಿದೆ.

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ನಮ್ಮಕ್ಕ ಬಂದ್ಲು ನೋಡಿ. ತಪ್ಪು ಹುಡುಕದಿದ್ರೆ ಅವಳಿಗೆ ತಿಂದ ಅನ್ನ ಕರಗಲ್ಲ" ಎಂದಳು. ಎಲ್ಲರೂ ನಕ್ಕರು. ನೀರು ಸುರಿದುಕೊಂಡಳು. ಒಂದು ಚೊಂಬು, ಇನ್ನೊಂದು ಚೊಂಬು. ಕೂದಲು ಇಳಿಯಲಿಲ್ಲ. ಮೇಲೆ ಎತ್ತಿಟ್ಟದ್ದು ಹಾಗೇ ನಿಂತಿತ್ತು. ಕೈಯಿಟ್ಟು ನೋಡಿಕೊಂಡಳು, ನಗು ನಿಂತಿತು. ಹಿಂದೆ ಯಾರೋ "ಅಯ್ಯಯ್ಯೋ" ಎಂದರು. ವಾರ್ಡನ್ ಮೇಡಂ ಕೂಡ "ಒಳ್ಳೇದು" ಎನ್ನಲಿಲ್ಲ.

ಟವೆಲ್ ಸುತ್ತಿ ಅವಳ ಮನೆಗೆ ಕರೆದುಕೊಂಡು ಬಂದೆ. ಕಪಾಟಿನ ಕೆಳಗೆ ನೆಲದ ಮೇಲೆ ಕೂರಿಸಿ, ಹಿಂದೆ ಕೂತು, ಎಣ್ಣೆ ಹಚ್ಚಿ ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಹೋದೆ. ಹೊಲಿಗೆ ಬಿಚ್ಚಿ ಅಭ್ಯಾಸವಿರುವ ಕೈ. ಒಂದು ಬದಿ ನಿಧಾನಕ್ಕೆ ಸಡಿಲವಾಗುತ್ತಾ ಬಂತು. ಇಷ್ಟು ವರ್ಷದಲ್ಲಿ ಅವಳ ಕೂದಲನ್ನು ನಾನು ಮುಟ್ಟಿದ್ದು ಇದೇ ಮೊದಲು. ಬೆರಳ ನಡುವೆ ತಣ್ಣಗೆ ಜಾರುತ್ತಿತ್ತು. ಆಗಲೂ, ದೇವರಾಣೆ, ಇದು ನನ್ನದಾಗಿದ್ದರೆ ಎಂದೇ ಅನ್ನಿಸಿತು.

"ಅಕ್ಕ" ಎಂದಳು. "ನೀನು ಬಾಗಿಲಲ್ಲೇ ಗಂಟಾಗುತ್ತೆ ಅಂತ ಕೂಗಿದೆ. ಆಗಿನ್ನೂ ನಾನು ನೀರೇ ಹಾಕ್ಕೊಂಡಿರ್ಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಸೂಜಿ ನಿಂತಿತು. ಸುಳ್ಳು ಹೇಳಲು ನೂರು ದಾರಿ ಇದ್ದವು, ಒಂದೂ ಬಾಯಿಗೆ ಬರಲಿಲ್ಲ.

"ಮಂಗಳವಾರ ನನಗೂ ಆಯ್ತು. ಕತ್ತರಿಸಿ ಹಾಕ್ದೆ."

"ಗುರುವಾರ ನಾನು ಕೇಳ್ದೆನಲ್ಲ."

"ಹೂಂ."

"ಚೆನ್ನಾಗಿದೆ ಅಂದೆ."

"ಹೂಂ."

ಬೈಯಲಿ, ಹೊಡೆಯಲಿ ಎಂದು ಕಾದೆ. ಆಮೇಲೆ ಮೆಲ್ಲಗೆ ಎದ್ದಳು. ನನ್ನ ಕೈಯಲ್ಲಿದ್ದ ಎಳೆ ಜಾರಿಹೋಯಿತು. ಅರ್ಧ ಬಿಡಿಸಿದ, ಅರ್ಧ ಗಂಟಾದ ತಲೆಯಲ್ಲಿ ಹೋಗಿ ಬಾಗಿಲು ತೆಗೆದು ನಿಂತಳು.

"ನೀನು ಬೈದಿದ್ದನ್ನೆಲ್ಲ ನಂಬಿದ್ದೆ ಅಕ್ಕ. ಹೊಗಳಿದ್ದು ಒಂದೇ ಒಂದ್ಸಲ, ಅದೂ ಸುಳ್ಳಾ?"

ಚಪ್ಪಲಿ ಹಾಕಿಕೊಂಡು ಬಂದೆ.

ಜೂನ್ 13, ಗುರುವಾರ

ಅವಳು ಪಾರ್ಲರಿಗೆ ಹೋಗಿ ಕುತ್ತಿಗೆಯ ತನಕ ಕತ್ತರಿಸಿಕೊಂಡಳಂತೆ. ಅಮ್ಮ ಅತ್ತೂ ಅತ್ತೂ ಹೇಳಿದಳು.

ಜೂನ್ 16, ಭಾನುವಾರ

ಅಮ್ಮನಿಗೆ ಗೊತ್ತಿಲ್ಲ. ಹಾಸ್ಟೆಲ್ಲಿನ ಕೆಟ್ಟ ನೀರಿನಿಂದ ಹೀಗಾಯಿತೆಂದು ಮಾತ್ರ ತಂಗಿ ಹೇಳಿದ್ದಾಳೆ, ನನ್ನ ಹೆಸರೆತ್ತಿಲ್ಲ. ಅಮ್ಮ ಇವತ್ತು, "ನೀನಾದ್ರೂ ಆಟೋದಲ್ಲಿ ಓಡಿಹೋದೆಯಲ್ಲ, ಅಕ್ಕ ಅಂದ್ರೆ ಹೀಗಿರಬೇಕು" ಎಂದು ನನ್ನ ತಲೆ ನೇವರಿಸಿದಳು. ಎಷ್ಟು ವರ್ಷ ಇದಕ್ಕೆ ಕಾದಿದ್ದೆನೋ! ಬಂದದ್ದು ನೋಡು ಹೇಗೆ. ತಲೆಯನ್ನು ಪಕ್ಕಕ್ಕೆ ತೆಗೆದುಕೊಂಡೆ.

ನನ್ನನ್ನು ಬಿಟ್ಟುಕೊಡದೆ ಕಾಪಾಡುವುದರಲ್ಲೂ ತಂಗಿಯೇ ಮುಂದೆ. ಇದಕ್ಕೂ ಹೊಟ್ಟೆ ಉರಿಯಿತು.

ಜೂನ್ 23, ಭಾನುವಾರ

ತಂಗಿಯಿಂದ ಫೋನ್ ಇಲ್ಲ.

ಜೂನ್ 30, ಭಾನುವಾರ

ಹಾಸ್ಟೆಲ್ಲಿನವರು ಒಪ್ಪಿದರಂತೆ! ಕೂದಲು ಕತ್ತರಿಸಿಕೊಂಡ ಮಾರನೇ ದಿನವೇ ತಂಗಿ ಅಲ್ಲಿಗೆ ಹೋಗಿ, ಯಾಕೆ ಗಂಟಾಯಿತು, ಹೇಗೆ ತೊಳೆದರೆ ಆಗುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದಾಳೆ. ಅಂಗೈಯಲ್ಲಿ ನೊರೆ ಮಾಡಿ ಹಚ್ಚಿಕೊಂಡು, ಬೆನ್ನುದ್ದ ಕೂದಲಿನ ಹುಡುಗಿಯೊಬ್ಬಳೂ ತೊಳೆದು ನೋಡಿದಳಂತೆ, ಏನೂ ಆಗಲಿಲ್ಲ. ಒಂದು ತಿಂಗಳ ಮಟ್ಟಿಗೆ ನೋಡೋಣ ಎಂದಿದ್ದಾರೆ. ಸುದ್ದಿ ಕೇಳಿ ಮೈಯೆಲ್ಲ ಹಗುರವಾಯಿತು. ಒಂದೇ ಗಳಿಗೆ.

ಯಾಕೆಂದರೆ ಅಮ್ಮ ಮುಂದುವರಿಸಿದಳು: "ಇನ್ಮೇಲೆ ಹೊಸದು ಮಾಡಿದಾಗೆಲ್ಲ ಮೊದಲು ವಾರ್ಡನ್ ಮೇಡಂಗೇ ಕೊಡ್ತಾಳಂತೆ. ಅವರೇ ನೋಡಿ ತಪ್ಪು ಹೇಳ್ತಾರಂತೆ."

ವಾರ್ಡನ್ ಮೇಡಂ! ಕಂಡದ್ದಕ್ಕೆಲ್ಲ "ಒಳ್ಳೇದು, ಒಳ್ಳೇದು" ಎನ್ನುವ ಆ ಹೆಂಗಸು! ಅವಳಿಗೆ ಏನು ಕಾಣುತ್ತದೆ? ಸೋಪಿನ ತಳ ತಿರುಗಿಸಿ ನೋಡುತ್ತಾಳಾ? ಒಣಗಿದ ಮೇಲೆ ಬಾಚಣಿಗೆಯ ಹಲ್ಲು ನೋಡುತ್ತಾಳಾ? ನೀರು ಬದಲಾಯಿಸಿ ನೋಡುತ್ತಾಳಾ? ನನ್ನ ತಲೆ ಇಲ್ಲೇ ಇರುವಾಗ ಊರವರ ತಲೆ ಯಾಕೆ ತಂಗಿಗೆ?

ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದೆನಂತೆ. ಯಜಮಾನರು ಉಸಿರೆತ್ತದೆ ಉಂಡರು.

ಜುಲೈ 14, ಭಾನುವಾರ

ಅಮ್ಮನ ಚೀಲದಲ್ಲಿ ಹಾಸ್ಟೆಲ್ಲಿಗೆ ಕೊಡುವ ಹೊಸ ಬಿಲ್ಲೆ ಸಿಕ್ಕಿತು. ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ನಲ್ಲಿ ನೀರಲ್ಲಿ ಅರ್ಧ ತಲೆ, ಬೋರ್ ನೀರಲ್ಲಿ ಅರ್ಧ ತಲೆ ತೊಳೆದು ಒಣಗಿಸಿ ನೋಡಿದೆ. ಆಮೇಲೆ ಬಸ್ಸು ಹತ್ತಿ, ಇನ್ನೊಂದು ಬಸ್ಸು ಬದಲಿಸಿ, ಅವಳ ಬಾಗಿಲು ತಟ್ಟಿದೆ.

ತೆಗೆದಳು. ಕೂದಲು ಕುತ್ತಿಗೆಯ ತನಕವಷ್ಟೇ ಇದೆ. ಆ ಗಿಡ್ಡ ಕೂದಲಲ್ಲೂ ಚೆನ್ನಾಗಿ ಕಾಣುತ್ತಾಳೆ, ಹಾಳಾಗಲಿ. ಬಾ ಎನ್ನಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದೆ.

"ಒಂದು, ಅಂಗೈಯಲ್ಲಿ ತಿಕ್ಕಿ ಅಂತೀಯ, ಇಷ್ಟು ಅಗಲದ ಬಿಲ್ಲೆ ಯಾವ ಹೆಂಗಸಿನ ಅಂಗೈಯಲ್ಲಿ ಕೂರುತ್ತೆ? ಜಾರುತ್ತೆ. ಬೇಸರಪಟ್ಟು ಮತ್ತೆ ತಲೆಗೇ ತಿಕ್ತಾರೆ. ಸಣ್ಣದು ಮಾಡು. ಎರಡು, ಅಂಚು ಹರಿತ ಇದೆ, ಬೆರಳಿಗೆ ತಾಗುತ್ತೆ. ಮೂರು, ಗುಡ್ಡೆ ಹಾಕಿ ತಿಕ್ಕಬೇಡಿ ಅನ್ನೋದನ್ನ ಕಾಗದದ ಮೇಲೆ ಬರೆದಿದ್ದೀಯ. ಕಾಗದ ಮೊದಲ ದಿನವೇ ಒದ್ದೆಯಾಗಿ ಹೋಗುತ್ತೆ. ಎರಡನೇ ಸಲ ತೊಳೆಯೋಳಿಗೆ ಯಾರು ಹೇಳ್ತಾರೆ? ಬಚ್ಚಲ ಗೋಡೆಗೆ ಅಂಟಿಸೋ ಹಾಗೆ ಬೇರೆ ಏನಾದ್ರೂ ಕೊಡು."

ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೂರೇನಾ?"

"ಮೂರೇ."

"ಇನ್ನೇನೂ ಇಲ್ವಾ? ನಿಜ ಹೇಳು."

"ನಿಜವಾಗ್ಲೂ ಮೂರೇ. ನೊರೆ ಚೆನ್ನಾಗಿದೆ. ಬೋರ್ ನೀರಲ್ಲೂ ಪರವಾಗಿಲ್ಲ. ತಲೆ ಕಡಿಯೋದು ಯಾವತ್ತೋ ನಿಂತಿದೆ. ಇದನ್ನೆಲ್ಲ ಮೊದಲೇ ಹೇಳಬೇಕಿತ್ತು."

ಅವಳು ಬಾಗಿಲು ಹಾಕಲಿಲ್ಲ, ಪೂರ್ತಿ ತೆರೆಯಲೂ ಇಲ್ಲ.

"ಇನ್ಮೇಲೆ ನಿನ್ನ ಮಾತನ್ನ ನಾನು ಹಾಗೇ ನಂಬಲ್ಲ. ನೀನು ಪಾಸ್ ಅಂದಿದ್ದನ್ನೂ ಬೇರೆಯೋರಿಗೆ ತೋರಿಸಿಯೇ ಕಳಿಸೋದು" ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಬೆಲೆ ಹೇಳುವ ಹಾಗೆ ಹೇಳಿದಳು. "ವಾರ್ಡನ್ ಮೇಡಂ ಇದರಲ್ಲಿ ಐದು ತಪ್ಪು ಹೇಳಿದ್ದಾರೆ."

"ನಂಬಬೇಡ" ಎಂದೆ. ಚಪ್ಪಲಿ ಬಿಟ್ಟು, ಅವಳನ್ನು ಸರಿಸಿ ಒಳಗೆ ನುಗ್ಗಿದೆ. "ಐದಾ? ಯಾವ ಐದು? ಆ ಬಿಲ್ಲೆ ತಾ ಇಲ್ಲಿ."